ಮಳೆಗಾಲಕ್ಕೆಂದು ಎತ್ತಿಟ್ಟ ಆಟಗಳು

ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಅಡಿಕೆಯ ಕೊನೆಕೊಯ್ಲು ಭರದಿಂದ ಸಾಗಿರುವ, ಘಟ್ಟದ ಕೆಳಗೆ ಹೊನ್ನಾವರ, ಕುಮಟಾಗಳ ಕಡೆ ಯಕ್ಷಗಾನ ಮೇಳಗಳ ತಿರುಗಾಟ ಶುರುವಾಗಿರುವ ಡಿಸೆಂಬರ್ ತಿಂಗಳಲ್ಲಿಯೇ ವಿಡಿಯೊ ಗೇಮ್ ಲೋಕದ ವಾರ್ಷಿಕ ಲೆಕ್ಕಾಚಾರವೂ ನಡೆಯುತ್ತದೆ. ತಿಂಗಳ ಮೊದಲರ್ಧದಲ್ಲಿ ಲಾಸ್ ಏಂಜಲೀಸ್‌ನಲ್ಲಿ ವರ್ಷದ ಅತ್ಯುತ್ತಮ ಗೇಮ್ ಯಾವುದೆಂದು ಘೋಷಣೆಯಾಗುತ್ತದೆ. ಆಮೇಲೆ ಸ್ಟೀಮ್‌ನಂತಹ ಆನ್‌ಲೈನ್ ಅಂಗಡಿಗಳು ಚಳಿಗಾಲದ ರಿಯಾಯಿತಿ ಮಾರಾಟ ತೆರೆಯುತ್ತವೆ. ತೋಟದ ಕೆಲಸ ತಲೆಯ ಮೇಲಿರುವ ಆ ಹೊತ್ತಿನಲ್ಲಿ ಆಡಲು ಪುರುಸೊತ್ತಿರುವುದಿಲ್ಲವಾದರೂ ಕೊಳ್ಳಲು ಎರಡು ನಿಮಿಷ ಸಾಕು. ಹಾಗಾಗಿ ನಮ್ಮ ಜಿಲ್ಲೆಯ ಗೇಮ್ ಪ್ರಿಯರ ಬಾಯಲ್ಲಿ ಆಗ ಕೇಳಿಬರುವ ಮಾತು ಹೆಚ್ಚುಕಡಿಮೆ ಒಂದೇ: 'ಈಗ ತಗೊಂಡಿಡೋಣ, ಮಳೆಗಾಲದಲ್ಲಿ ಆಡಿದರಾಯ್ತು.' ಈ ಮಾತು ಏಕೆ ಅಷ್ಟು ಸಹಜವಾಗಿ ಬರುತ್ತದೆ ಮತ್ತು ಮಳೆಗಾಲ ಬಂದು ಹೋದರೂ ಆ ಆಟಗಳು ಏಕೆ ಹಾಗೆಯೇ ಉಳಿಯುತ್ತವೆ ಎಂಬುದಕ್ಕೆ ಮನೋವಿಜ್ಞಾನ ಮತ್ತು ನರವಿಜ್ಞಾನ ತಕ್ಕಮಟ್ಟಿನ ಉತ್ತರ ಕೊಡುತ್ತವೆ.

ಮೊದಲಿಗೆ ಬರಿಯ ಗಣಿತವನ್ನು ನೋಡೋಣ. 2003ರಲ್ಲಿ ಆರಂಭವಾದ ಸ್ಟೀಮ್ ಮೊದಮೊದಲು ತಾನೇ ಆಯ್ದ ಗೇಮ್‌ಗಳನ್ನಷ್ಟೇ ಮಾರುತ್ತಿತ್ತು. 2017ರಿಂದ ಒಂದು ಗೇಮ್‌ಗೆ 100 ಡಾಲರ್ ಶುಲ್ಕ ಕಟ್ಟಿದ ಯಾವ ತಯಾರಕರಿಗಾದರೂ ಅಲ್ಲಿ ಜಾಗ ಸಿಗುವಂತಾಯಿತು. 2024ರ ಒಂದೇ ವರ್ಷದಲ್ಲಿ ಅಲ್ಲಿಗೆ ಬಂದ ಹೊಸ ಗೇಮ್‌ಗಳ ಸಂಖ್ಯೆ 18,000 ದಾಟಿತು. ದಿನಕ್ಕೆ ಒಂದು ಗಂಟೆಯನ್ನು ತಪ್ಪದೆ ಆಟಕ್ಕೆ ಕೊಡಬಲ್ಲ ಅದೃಷ್ಟವಂತನಿಗೂ ವರ್ಷಕ್ಕೆ ಸಿಗುವುದು 365 ಗಂಟೆ. 2023ರಲ್ಲಿ ಪ್ರಶಸ್ತಿ ಗೆದ್ದ ಬಾಲ್ಡರ್ಸ್ ಗೇಟ್ 3 ಒಂದೇ ಅದರಲ್ಲಿ 70 ಗಂಟೆಗೂ ಹೆಚ್ಚನ್ನು ನುಂಗುತ್ತದೆ. ಬಂದ ಗೇಮ್‌ಗಳಲ್ಲಿ ಬಹುಪಾಲು ಜಳ್ಳು ಎಂದು ತಳ್ಳಿಹಾಕಿದರೂ ಉಳಿಯುವ ಕಾಳು ಒಬ್ಬ ಮನುಷ್ಯನ ಬಿಡುವಿಗಿಂತ ಎಷ್ಟೋ ಪಟ್ಟು ಹೆಚ್ಚು. 2025ರ ಸೆಪ್ಟೆಂಬರ್ ಒಂದೇ ತಿಂಗಳಲ್ಲಿ, 4ರಂದು ಹಾಲೋ ನೈಟ್: ಸಿಲ್ಕ್‌ಸಾಂಗ್, 25ರಂದು ಹೇಡಿಸ್ 2 ಗೇಮ್‌ನ ಪೂರ್ಣ ರೂಪ ಬಿಡುಗಡೆಯಾದವು. ಎರಡೂ ವಾರಗಟ್ಟಲೆ ಮನಸ್ಸಿಟ್ಟು ಆಡಬೇಕಾದವು.

ಆ ವರ್ಷದ ಪ್ರಶಸ್ತಿ ಹೋದದ್ದು ಫ್ರಾನ್ಸಿನ ಮೋಂಪೆಲಿಯೇ ನಗರದ ಸ್ಯಾಂಡ್‌ಫಾಲ್ ಎಂಬ ತಂಡ ಮಾಡಿದ ಕ್ಲೇರ್ ಆಬ್ಸ್ಕ್ಯೂರ್: ಎಕ್ಸ್‌ಪೆಡಿಷನ್ 33 ಎಂಬ ಗೇಮ್‌ಗೆ. ಅದರ ಕಥೆಯಲ್ಲಿ ಪ್ರತಿ ವರ್ಷ ಒಬ್ಬ ಚಿತ್ರಗಾರ್ತಿ ದೂರದ ಬೃಹತ್ ಕಂಬದ ಮೇಲೆ ಒಂದು ಸಂಖ್ಯೆ ಬರೆಯುತ್ತಾಳೆ, ಆ ವಯಸ್ಸಿನವರೆಲ್ಲ ಕಣ್ಣೆದುರೇ ಮಾಯವಾಗುತ್ತಾರೆ. ವರ್ಷ ಕಳೆದಂತೆ ಸಂಖ್ಯೆ ಇಳಿಯುತ್ತ ಬಂದು 33 ತಲುಪಿರುತ್ತದೆ. ಸಾವಿನ ದಿನ ಮೊದಲೇ ಗೊತ್ತಿರುವ ಜನ ಹೇಗೆ ಬದುಕುತ್ತಾರೆ, ಮಕ್ಕಳನ್ನು ಹಡೆಯಬೇಕೋ ಬೇಡವೋ ಎಂದು ಹೇಗೆ ತರ್ಕಿಸುತ್ತಾರೆ ಎಂಬುದನ್ನು ಇಷ್ಟು ಗಂಭೀರವಾಗಿ ಎತ್ತಿಕೊಂಡ ಗೇಮ್‌ಗಳು ಕಡಿಮೆ. ಇಂಥದ್ದನ್ನು ಕೊಂಡು ಆಡದೆ ಬಿಡುವುದು ನಿಜಕ್ಕೂ ನಷ್ಟವೇ ಎಂಬುದು ನನ್ನ ಅಭಿಪ್ರಾಯ. ಆದರೂ ಬಿಡುತ್ತೇವೆ, ಮತ್ತು ಅದಕ್ಕೆ ಸೋಮಾರಿತನ ಮುಖ್ಯ ಕಾರಣವಲ್ಲ.

1999ರಲ್ಲಿ ಡೇನಿಯಲ್ ರೀಡ್, ಜಾರ್ಜ್ ಲೋವೆನ್‌ಸ್ಟೈನ್ ಮತ್ತು ಶೋಭನಾ ಕಲ್ಯಾಣರಾಮನ್ ಪ್ರಕಟಿಸಿದ ಪ್ರಯೋಗವೊಂದು ಇಲ್ಲಿ ನೇರವಾಗಿ ಅನ್ವಯಿಸುತ್ತದೆ. ಅವರು ಜನರಿಗೆ ಸಿನಿಮಾಗಳ ಪಟ್ಟಿ ಕೊಟ್ಟು ಆರಿಸಿಕೊಳ್ಳಲು ಹೇಳಿದರು. ಇದೇ ರಾತ್ರಿ ನೋಡಲು ಆರಿಸುವಾಗ ಹೆಚ್ಚಿನವರು ಹಗುರವಾದ, ರಂಜನೆಯ ಚಿತ್ರಗಳತ್ತ ವಾಲಿದರು. ಮುಂದಿನ ದಿನಗಳಿಗಾಗಿ ಆರಿಸುವಾಗ ಗಂಭೀರ ಚಿತ್ರಗಳು ಹೆಚ್ಚು ಆಯ್ಕೆಯಾದವು. ಇದರರ್ಥ, ನಾಳೆಯ ನಮ್ಮನ್ನು ಇವತ್ತಿಗಿಂತ ಹೆಚ್ಚು ತಾಳ್ಮೆಯ, ಹೆಚ್ಚು ಬಿಡುವಿನ, ಹೆಚ್ಚು ಅಭಿರುಚಿಯ ವ್ಯಕ್ತಿಯೆಂದು ನಾವು ಭಾವಿಸಿಕೊಳ್ಳುತ್ತೇವೆ. ಡಿಸೆಂಬರ್‌ನಲ್ಲಿ ಎಪ್ಪತ್ತು ಗಂಟೆಯ ಗೇಮ್ ಕೊಳ್ಳುವವನು ಅದನ್ನು ಕೊಳ್ಳುವುದು ಜೂನ್ ತಿಂಗಳ ತನ್ನ ಹೆಸರಿನಲ್ಲಿ. ಜೂನ್ ಬಂದಾಗ ಲ್ಯಾಪ್‌ಟಾಪಿನ ಮುಂದೆ ಕೂರುವವನು ಮಾತ್ರ ದಿನವಿಡೀ ದುಡಿದು ದಣಿದ, ಮಲಗುವ ಮುನ್ನ ಮುಕ್ಕಾಲು ಗಂಟೆ ಉಳಿದಿರುವ ಅದೇ ಮನುಷ್ಯ. ಪಟ್ಟಿಯನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಸರಿಸಿ, ದೊಡ್ಡ ಗೇಮ್ ಒಂದರ ಮೇಲೆ ಕೈ ನಿಲ್ಲಿಸಿ, ಕೊನೆಗೆ ಅವನು ತೆರೆಯುವುದು ಬಲಾಟ್ರೋ. ಪೋಕರ್ ಇಸ್ಪೀಟಿನ ಲೆಕ್ಕವನ್ನೇ ತಿರುವುಮುರುವು ಮಾಡಿದ ಈ ಗೇಮ್ ಅನ್ನು ಕೆನಡಾದ ಒಬ್ಬನೇ ವ್ಯಕ್ತಿ ರೂಪಿಸಿದ್ದು, 2024ರ ಫೆಬ್ರುವರಿಯಲ್ಲಿ ಬಂತು; ಒಂದು ಸುತ್ತು ಮುಗಿಸಲು ಕಥೆಯ ನೆನಪೂ ಬೇಕಿಲ್ಲ, ದೊಡ್ಡ ಸಿದ್ಧತೆಯೂ ಬೇಕಿಲ್ಲ.

ಎರಡನೆಯ ಕಾರಣ ಇನ್ನೂ ಆಳದ್ದು. ಮಿಷಿಗನ್ ವಿಶ್ವವಿದ್ಯಾಲಯದ ಕೆಂಟ್ ಬೆರಿಜ್ ಮತ್ತು ಸಂಗಡಿಗರು 1980ರ ದಶಕದ ಕೊನೆಯಿಂದ ಇಲಿಗಳ ಮೇಲೆ ನಡೆಸಿದ ಪ್ರಯೋಗಗಳು, ಬಯಸುವುದು ಮತ್ತು ಸವಿಯುವುದು ಮಿದುಳಿನಲ್ಲಿ ಬೇರೆಬೇರೆ ಕೆಲಸಗಳೆಂದು ತೋರಿಸಿದವು. ಡೋಪಮಿನ್ ಎಂಬ ಮಿದುಳಿನ ರಾಸಾಯನಿಕದ ವ್ಯವಸ್ಥೆಯನ್ನು ನಾಶಪಡಿಸಿದ ಇಲಿಗಳು ಆಹಾರ ಹುಡುಕಿ ಹೋಗುವುದನ್ನೇ ನಿಲ್ಲಿಸಿದವು. ಆದರೆ ಬಾಯಿಗೆ ಸಕ್ಕರೆ ನೀರು ಬಿಟ್ಟಾಗ ಎಂದಿನಂತೆಯೇ ನಾಲಿಗೆ ಚಪ್ಪರಿಸಿದವು. ಸವಿ ಉಳಿದಿತ್ತು, ಬಯಕೆ ಹೋಗಿತ್ತು. ನರವಿಜ್ಞಾನಿ ವುಲ್ಫ್‌ರಾಮ್ ಶುಲ್ಟ್ಸ್ ಕೋತಿಗಳಲ್ಲಿ ಕಂಡದ್ದೂ ಇದಕ್ಕೆ ಸಮೀಪದ್ದೇ. ಹಣ್ಣಿನ ರಸ ಬಾಯಿಗೆ ಬಿದ್ದಾಗ ಚುರುಕಾಗುತ್ತಿದ್ದ ಡೋಪಮಿನ್ ನರಕೋಶಗಳು, ರಸಕ್ಕೆ ಮುನ್ನ ಒಂದು ಸೂಚನೆ ಬರುತ್ತದೆಂದು ಕಲಿತ ಮೇಲೆ ಆ ಸೂಚನೆಗೇ ಸ್ಪಂದಿಸತೊಡಗಿದವು; ನಿರೀಕ್ಷೆಯಂತೆ ಬಂದ ರಸಕ್ಕೆ ಹೆಚ್ಚಿನ ಸ್ಪಂದನ ಉಳಿಯಲಿಲ್ಲ. ಟ್ರೇಲರ್, ಬಿಡುಗಡೆಯ ದಿನಾಂಕ, ರಿಯಾಯಿತಿಯ ಹಸಿರು ಪಟ್ಟಿ ಇವೆಲ್ಲ ಅಂತಹ ಸೂಚನೆಗಳೇ ಎಂದು ನಾನು ಅರ್ಥಮಾಡಿಕೊಂಡಿದ್ದೇನೆ. ಆಸ್ಟ್ರೇಲಿಯಾದ ಪುಟ್ಟ ತಂಡವೊಂದು 2019ರಲ್ಲಿ ಘೋಷಿಸಿದ ಸಿಲ್ಕ್‌ಸಾಂಗ್‌ಗಾಗಿ ಜನ ಆರು ವರ್ಷ ಕಾದರು, ಬಿಡುಗಡೆಯ ದಿನ ನುಗ್ಗಿದ ರಭಸಕ್ಕೆ ಆನ್‌ಲೈನ್ ಅಂಗಡಿಗಳೇ ಕೆಲ ಹೊತ್ತು ತತ್ತರಿಸಿದವು. ಬಯಕೆಯ ಕೆಲಸ ಕೊಳ್ಳುವುದರೊಂದಿಗೆ ಬಹುಮಟ್ಟಿಗೆ ಮುಗಿಯುತ್ತದೆ. ಆಡುವ ಸುಖ ಬೇರೆ ದಾರಿಯಲ್ಲಿ, ಗಂಟೆಗಳನ್ನು ತೆತ್ತ ಮೇಲೆ ಬರಬೇಕಾದದ್ದು.

ಆಯ್ಕೆ ಹೆಚ್ಚಾದಷ್ಟೂ ಮನಸ್ಸು ಕೈಚೆಲ್ಲುತ್ತದೆ ಎಂಬ ಮಾತನ್ನೂ ಈ ಸಂದರ್ಭದಲ್ಲಿ ಆಗಾಗ ಕೇಳುತ್ತೇವೆ. ಶೀನಾ ಅಯ್ಯಂಗಾರ್ ಮತ್ತು ಮಾರ್ಕ್ ಲೆಪ್ಪರ್ 2000ದಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 24 ಬಗೆಯ ಜಾಮ್ ಇಟ್ಟ ಮೇಜಿನ ಬಳಿ ನಿಂತವರಲ್ಲಿ ಕೊಂಡವರು ಶೇ 3ರಷ್ಟು, 6 ಬಗೆ ಇಟ್ಟಾಗ ಶೇ 30ರಷ್ಟು. ಆದರೆ 2010ರಲ್ಲಿ ಇಂತಹ 50 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಸರಾಸರಿ ಪರಿಣಾಮ ಸೊನ್ನೆಯ ಹತ್ತಿರವಿತ್ತು. ನಂತರದ ವಿಶ್ಲೇಷಣೆಗಳು ಹೇಳುವುದೇನೆಂದರೆ, ತನಗೆ ಏನು ಬೇಕೆಂಬುದು ಸ್ಪಷ್ಟವಿಲ್ಲದವನನ್ನು ಮತ್ತು ಹೋಲಿಸಲು ಕಷ್ಟವಾದ ವಸ್ತುಗಳ ನಡುವೆ ಆರಿಸಬೇಕಾದವನನ್ನು ಮಾತ್ರ ಆಯ್ಕೆಯ ಹೊರೆ ಕಾಡುತ್ತದೆ. ಒಂದೇ ರಾತ್ರಿ ಅಕ್ಕಪಕ್ಕದ ಊರುಗಳಲ್ಲಿ ಎರಡು ಮೇಳಗಳ ಆಟವಿದ್ದರೂ, ತನಗೆ ಇಂಥ ಭಾಗವತರ ಪದ್ಯವೇ ಬೇಕೆಂದು ಬಲ್ಲವನು ಯಾವ ಕಡೆ ಹೊರಡಬೇಕೆಂದು ಯೋಚಿಸುತ್ತ ಕೂರುವುದಿಲ್ಲ. ಗೇಮ್‌ಗಳ ವಿಷಯದಲ್ಲಿಯೂ ಅಷ್ಟೇ, 18,000ದ ಸಂಖ್ಯೆಗಿಂತ ನಮ್ಮ ರುಚಿಯ ಅಸ್ಪಷ್ಟತೆಯೇ ಹೆಚ್ಚು ತೊಡಕು.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಯೋಚನೆಗೆ ಹಚ್ಚಿರುವುದು ಒಮ್ಮೆಯೂ ಆಡದ ಗೇಮ್‌ಗಳಲ್ಲ, ಅರ್ಧಕ್ಕೆ ಬಿಟ್ಟವು. ಎಕ್ಸ್‌ಪೆಡಿಷನ್ 33ರಲ್ಲಿ ಎದುರಾಳಿಯ ಏಟು ಬೀಳುವ ಕ್ಷಣಕ್ಕೆ ಸರಿಯಾಗಿ ಗುಂಡಿ ಒತ್ತಿದರೆ ಏಟು ತಪ್ಪುತ್ತದೆ, ಎಲ್ಲ ಏಟುಗಳನ್ನೂ ಹಾಗೆ ತಡೆದರೆ ತಿರುಗೇಟು ಕೊಡಬಹುದು. ಪ್ರತಿ ಎದುರಾಳಿಯ ಏಟಿಗೂ ಬೇರೆಯದೇ ಲಯ. ಕೆಲವು ಕೈಗಳು ಮೇಲೆದ್ದು ಅರೆಗಳಿಗೆ ತಡೆದು ಬೀಳುತ್ತವೆ. ಇದನ್ನು ಕಲಿತವನು ಎರಡು ತಿಂಗಳು ಬಿಟ್ಟು ಮರಳಿದರೆ ಬೆರಳುಗಳು ಹೆಚ್ಚು ತಡಮಾಡದೆ ಲಯ ಹಿಡಿಯುತ್ತವೆ; ಆದರೆ ಯಾರು ಯಾರಿಗೆ ಏನು ಹೇಳಿದ್ದರು, ಹೊರಟದ್ದು ಎಲ್ಲಿಗೆ ಎಂಬುದು ಅಳಿಸಿಹೋಗಿರುತ್ತದೆ. ಈ ಎರಡು ನೆನಪುಗಳು ಬೇರೆಬೇರೆ ಎಂಬುದು ತಿಳಿದದ್ದು ಅಮೆರಿಕದ ಹೆನ್ರಿ ಮೊಲೈಸನ್ ಎಂಬ ರೋಗಿಯಿಂದ. 1953ರಲ್ಲಿ ಅಪಸ್ಮಾರದ ಚಿಕಿತ್ಸೆಗಾಗಿ ಆತನ ಮಿದುಳಿನ ಎರಡೂ ಬದಿಯ, ನೆನಪಿಗೆ ಸಂಬಂಧಿಸಿದ ಹಿಪ್ಪೊಕ್ಯಾಂಪಸ್‌ನ ಬಹುಭಾಗವನ್ನು ತೆಗೆದ ಮೇಲೆ ಹೊಸ ಘಟನೆಗಳು ನೆನಪಿನಲ್ಲಿ ನಿಲ್ಲದಾದವು. ಮನೋವಿಜ್ಞಾನಿ ಬ್ರೆಂಡಾ ಮಿಲ್ನರ್ ಆತನಿಗೆ ಕನ್ನಡಿಯಲ್ಲಿ ಮಾತ್ರ ಕೈಯನ್ನು ನೋಡುತ್ತ ನಕ್ಷತ್ರದ ಗೆರೆಗಳ ನಡುವೆ ಪೆನ್ಸಿಲ್ ಎಳೆಯಲು ಕೊಟ್ಟರು. ಮೂರು ದಿನಗಳಲ್ಲಿ ಆತನ ಕೈ ಚೆನ್ನಾಗಿ ಪಳಗಿತು. ಆದರೆ ಹಿಂದೆಂದಾದರೂ ಇದನ್ನು ಮಾಡಿದ್ದ ನೆನಪು ಆತನಿಗಿರಲಿಲ್ಲ. ಕೈಚಳಕ ಉಳಿಯುವುದು ಒಂದೆಡೆ, ಕಥೆ ಮತ್ತು ದಾರಿಯ ನೆನಪು ಇನ್ನೊಂದೆಡೆ. ಸಿಲ್ಕ್‌ಸಾಂಗ್‌ನಂತಹ, ಕವಲೊಡೆಯುತ್ತ ಹೋಗುವ ಭೂಗೋಳದ ಗೇಮ್‌ಗಳಲ್ಲಿ ಎರಡನೆಯದೇ ಮುಖ್ಯವಾಗಿರುವುದರಿಂದ, ಬಿಟ್ಟು ಬಂದವನಿಗೆ ಮರಳುವ ಬಾಗಿಲು ದಿನದಿನಕ್ಕೂ ಕಿರಿದಾಗುತ್ತದೆ, ಅವನು ಹೊಸದೊಂದನ್ನು ಕೊಳ್ಳುತ್ತಾನೆ.

ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಇನ್ನೊಂದು ಅಂಶ ಸೇರುತ್ತದೆ. ಬಾಲ್ಡರ್ಸ್ ಗೇಟ್ 3ಕ್ಕೆ 150 ಗಿಗಾಬೈಟ್ ಜಾಗ ಬೇಕು. ಅಷ್ಟು ದತ್ತಾಂಶ ಸೆಕೆಂಡಿಗೆ 40 ಮೆಗಾಬಿಟ್ ವೇಗದ ಸಂಪರ್ಕದಲ್ಲಿ ಒಂದೇ ಸಮನೆ ಇಳಿದರೂ ಎಂಟು ಗಂಟೆ ಮೀರುತ್ತದೆ. ನಾವು ನೆಚ್ಚಿಕೊಂಡ ಆ ಮಳೆಗಾಲ ಬರುವುದು ಗಾಳಿಯೊಂದಿಗೆ: ತಂತಿಯ ಮೇಲೆ ಮರ ಬಿದ್ದು ಕರೆಂಟ್ ಹೋಗುತ್ತದೆ, ಕೇಬಲ್ ತುಂಡಾಗುತ್ತದೆ, ಇನ್ವರ್ಟರ್ ದೀಪ ಫ್ಯಾನುಗಳಿಗಷ್ಟೇ ಸಾಲುತ್ತದೆ. ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವ ಜೂನ್, ಜುಲೈಗಳಲ್ಲಿ ಕಾರವಾರದ ಬೈತಖೋಲ್ ಬಂದರಿನಲ್ಲಿ ದೋಣಿಗಳು ಲಂಗರು ಹಾಕಿ ನಿಂತು, ಹುಡುಗರ ಕೈಗೆ ಬಿಡುವು ಬರುವುದೇನೋ ನಿಜ. ಆದರೆ ಆ ಬಿಡುವು ಬಿಟ್ಟುಬಿಟ್ಟು ಬರುವ ಬಿಡುವು, ದೊಡ್ಡ ಗೇಮ್‌ಗೆ ಬೇಕಾದದ್ದು ಸತತವಾದದ್ದು.

ಆದ್ದರಿಂದ 2025ರ ಗೇಮ್‌ಗಳಲ್ಲಿ ನನಗೆ ಹೆಚ್ಚು ಪ್ರಿಯವಾದದ್ದು ಪ್ರಶಸ್ತಿ ಗೆದ್ದದ್ದಲ್ಲ, ಏಪ್ರಿಲ್‌ನಲ್ಲಿ ಬಂದ ಬ್ಲೂ ಪ್ರಿನ್ಸ್. 45 ಕೋಣೆಗಳ ಮನೆಯಲ್ಲಿ 46ನೆಯ ಕೋಣೆಯನ್ನು ಹುಡುಕುವುದು ಅದರ ವಸ್ತು. ಪ್ರತಿ ಬಾಗಿಲಲ್ಲಿ ಮೂರು ಕೋಣೆಗಳ ನಕ್ಷೆ ಎದುರಿಗೆ ಬರುತ್ತದೆ, ಒಂದನ್ನು ಆರಿಸಿದರೆ ಆ ಬಾಗಿಲ ಹಿಂದೆ ಅದೇ ಕೋಣೆ. ಆರಂಭದಲ್ಲಿ ದಿನಕ್ಕೆ 50 ಹೆಜ್ಜೆ. ಅವು ತೀರಿದರೆ ದಿನ ಮುಗಿದು, ಮರುದಿನ ಮನೆಯ ವಿನ್ಯಾಸವೆಲ್ಲ ಅಳಿಸಿ ಹೊಸದಾಗಿ ಶುರುವಾಗುತ್ತದೆ. ದಾರಿ ಮರೆತರೆ ನಷ್ಟವಿಲ್ಲ, ಸುಳಿವುಗಳನ್ನು ಮಾತ್ರ ಪಕ್ಕದ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳದೆ ಗತಿಯಿಲ್ಲ, ಹಾಗೆ ಬರೆದದ್ದು ಹಿಪ್ಪೊಕ್ಯಾಂಪಸ್‌ನ ಹೊರೆಯನ್ನು ಕಾಗದಕ್ಕೆ ಇಳಿಸುತ್ತದೆ. ಇದೇ ಅಭ್ಯಾಸವನ್ನು ಬೇರೆ ಗೇಮ್‌ಗಳಿಗೂ ಒಯ್ಯಬಹುದು: ನಿಲ್ಲಿಸುವ ಮುನ್ನ ಎಲ್ಲಿದ್ದೇನೆ, ಎಲ್ಲಿಗೆ ಹೊರಟಿದ್ದೆ, ಯಾರನ್ನು ಕಾಣಬೇಕು ಎಂದು ಬರೆದಿಟ್ಟರೆ ಮರಳುವುದು ಸುಲಭ. ರುಚಿ ಸ್ಪಷ್ಟವಾಗದವರಿಗೆ ಸ್ಟೀಮ್‌ನ ನಿಯಮವೂ ನೆರವಿಗಿದೆ. ಕೊಂಡ 14 ದಿನಗಳೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ಹಣ ಹಿಂದಿರುಗಿಸುವಂತೆ ಕೇಳಬಹುದು. ಅದಕ್ಕಾಗಿ ಕೊಂಡ ಎರಡು ವಾರಗಳೊಳಗೇ ಆಡಿ ನೋಡಬೇಕಾಗುತ್ತದೆ. ಮಳೆಗಾಲಕ್ಕೆಂದು ಎತ್ತಿಟ್ಟ ಗೇಮ್‌ಗೆ ಆ ಅನುಕೂಲ ಇರುವುದಿಲ್ಲ.