ಚೆಂಡಿಗಾಗಿ ಬಾಂಬು ಹುಡುಕುವ ನಾಯಿ

ಬಾಂಬು ಪತ್ತೆ ಮಾಡುವ ನಾಯಿಗೆ ಬಾಂಬು ಎಷ್ಟು ಅಪಾಯದ್ದೆಂದು ಗೊತ್ತಿಲ್ಲ. ಗಾಂಜಾ ಹಿಡಿದುಕೊಡುವ ನಾಯಿಗೆ ಗಾಂಜಾದ ಮೇಲೆ ಆಸೆಯೂ ಇಲ್ಲ, ಸಿಟ್ಟೂ ಇಲ್ಲ. ಮೊದಲು ಚಟ ಹತ್ತಿಸಿ ಆಮೇಲೆ ಹುಡುಕಲು ಬಿಡುತ್ತಾರೆ ಎನ್ನುವುದು ಬರೀ ಗಾಳಿಮಾತು. ಅದಕ್ಕೆ ಬೇಕಾದ್ದು ಹಲ್ಲಿನ ಗುರುತು ತುಂಬಿದ ಹಳೇ ಚೆಂಡೋ, ಸುರುಳಿ ಸುತ್ತಿದ ಟವೆಲ್ಲೋ ಅಷ್ಟೇ.

ಮೂಗಿನ ಲೆಕ್ಕ ಬೇಗ ಹೇಳಿಬಿಡೋಣ. ಮನುಷ್ಯರಲ್ಲಿ ವಾಸನೆ ಗ್ರಹಿಸುವ ಜೀವಕೋಶಗಳು ಸುಮಾರು 50–60 ಲಕ್ಷ. ನಾಯಿಯಲ್ಲಿ, ತಳಿಗೆ ತಕ್ಕಂತೆ, 10 ಕೋಟಿಯಿಂದ 30 ಕೋಟಿ. ಆದರೆ ಒಳ್ಳೆಯ ಮೂಗು ಬೀದಿನಾಯಿಗೂ ಇದೆ. ಈ ಕೆಲಸಕ್ಕೆ ಮರಿ ಆರಿಸುವವರು ನೋಡುವುದು ಆಟದ ಹುಚ್ಚನ್ನು. ಎತ್ತರದ ಹುಲ್ಲಿನೊಳಗೆ ಚೆಂಡು ಎಸೆದರೆ ಅದು ಸಿಗುವತನಕ ಬಿಡದೆ ತಡಕಾಡುವ ಮರಿ ಅವರಿಗೆ ಬೇಕು. ಮನೆಯಲ್ಲಿ ಸಾಕಿದರೆ ಇಂಥದ್ದು ತಲೆನೋವು.

ಮೊದಲ ಪಾಠಕ್ಕೆ ಒಂದೇ ಥರದ ಕೆಲವು ಡಬ್ಬಿಗಳು ಸಾಕು. ಒಂದರಲ್ಲಿ ಮಾತ್ರ ವಾಸನೆಯ ಮಾದರಿ ಇರುತ್ತದೆ. ನಾಯಿ ಒಂದೊಂದನ್ನೇ ಮೂಸುತ್ತ ಬಂದು ಸರಿಯಾದ ಡಬ್ಬಿಯ ಬಳಿ ತಡೆದ ಆ ಕ್ಷಣಕ್ಕೆ ಕೈಯಲ್ಲಿನ ಪುಟ್ಟ ಸಾಧನದಿಂದ 'ಕ್ಲಿಕ್' ಸದ್ದು, ಹಿಂದೆಯೇ ಚೆಂಡು, ಒಂದಿಷ್ಟು ಎಳೆದಾಟ. ವಾಸನೆಗೂ ಚೆಂಡಿಗೂ ನಂಟು ಬೆಸೆದ ಮೇಲೆ ಷರತ್ತು ಬಿಗಿಯಾಗುತ್ತದೆ: ಮೂಸಿದರೆ ಸಾಲದು, ಅಲ್ಲೇ ಕೂರಬೇಕು. ಸ್ಫೋಟಕವನ್ನು ಕೆರೆದು ತೋರಿಸುವ ನಾಯಿ ಯಾರಿಗೂ ಬೇಡ.

ಇಲ್ಲಿ ಎಲ್ಲವೂ ಸಮಯದ ಮೇಲೆ ನಿಂತಿದೆ. ಕ್ಲಿಕ್ ಎರಡು ಸೆಕೆಂಡ್ ತಡವಾದರೆ ನಾಯಿ ಅಷ್ಟರಲ್ಲಿ ಮೂಗೆತ್ತಿ ಯಜಮಾನನ ಮುಖ ನೋಡುತ್ತಿರುತ್ತದೆ. ಬಹುಮಾನ ಮುಖ ನೋಡಿದ್ದಕ್ಕೆ ಸಂದಾಯವಾಗುತ್ತದೆ. 1990ರ ದಶಕದಲ್ಲಿ ನರವಿಜ್ಞಾನಿ ವೋಲ್ಫ್ರಾಮ್ ಶುಲ್ಟ್ಸ್ ಕೋತಿಗಳ ಮಿದುಳಿನಲ್ಲಿ ಇದರ ಬೇರನ್ನು ಕಂಡರು. ಹಣ್ಣಿನ ರಸ ಸಿಕ್ಕಾಗ ಚುರುಕಾಗುತ್ತಿದ್ದ ಡೋಪಮಿನ್ (ಬಹುಮಾನಕ್ಕೆ ಸಂಬಂಧಿಸಿದ ಮಿದುಳಿನ ರಾಸಾಯನಿಕ) ನರಕೋಶಗಳು, ಕಲಿಕೆ ಪಕ್ವವಾದಂತೆ, ರಸದ ಮುನ್ಸೂಚನೆ ಕಂಡಾಗಲೇ ಚುರುಕಾಗತೊಡಗಿದವು. ನಿರೀಕ್ಷಿಸಿದ ರಸ ಬಾರದಿದ್ದರೆ ಮಂಕಾದವು. ಕ್ಲಿಕ್ ಸದ್ದಿಗೂ, ಕೊನೆಗೆ ಸ್ಫೋಟಕದ ವಾಸನೆಗೂ ನಾಯಿಯ ಬಾಲ ಅಲ್ಲಾಡುವುದರ ಹಿಂದೆ ಇಂಥದೇ ಏರ್ಪಾಡಿರಬೇಕು.

ತೊಡಕೆಂದರೆ, ಚೆಂಡು ತಂದುಕೊಡುವ ಯಾವ ಸುಳಿವೂ ನಾಯಿಗೆ ಸಮ್ಮತವೇ. ಮಾದರಿಯನ್ನು ಸದಾ ಒಂದೇ ಬಗೆಯ ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ಅದು ಚೀಲ ಹುಡುಕಲು ಕಲಿಯುತ್ತದೆ. ಅದಕ್ಕೇ ಉಳಿದ ಡಬ್ಬಿಗಳಲ್ಲಿ ಖಾಲಿ ಚೀಲ, ಕೈಗವಸು, ಟೇಪು ಇಟ್ಟು, ಅವುಗಳ ಮುಂದೆ ಕೂತರೆ ಏನೂ ಕೊಡದೆ ಮುಂದೆ ಸಾಗುತ್ತಾರೆ. ಆದರೆ ಹ್ಯಾಂಡ್ಲರ್‌ನ, ಅಂದರೆ ನಾಯಿಯನ್ನು ನಡೆಸುವ ಯಜಮಾನನ, ಮೈಯಿಂದ ಸಿಗುವ ಸುಳಿವನ್ನು ಯಾವ ಡಬ್ಬಿಗೆ ಹಾಕುವುದು? ಅಮೆರಿಕದ ಡೇವಿಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಪೊಲೀಸ್ ನಾಯಿ–ಹ್ಯಾಂಡ್ಲರ್ ಜೋಡಿಗಳು 18. ಮಾದರಿಗಳಿರಬಹುದು, ಅವಿರುವ ಜಾಗಕ್ಕೆ ಕೆಲವು ಕಡೆ ಕೆಂಪು ಕಾಗದದ ಗುರುತಿದೆ ಎಂದು ಹ್ಯಾಂಡ್ಲರ್‌ಗಳಿಗೆ ಹೇಳಿದ್ದರು. ನಿಜಕ್ಕೂ ಎಲ್ಲೂ ಏನೂ ಇರಲಿಲ್ಲ. ನಡೆದ 144 ಶೋಧಗಳಲ್ಲಿ 'ಏನೂ ಸಿಗಲಿಲ್ಲ' ಎಂಬ ಸರಿಯುತ್ತರ ಬಂದದ್ದು 21ರಲ್ಲಿ ಮಾತ್ರ. ಕೆಂಪು ಕಾಗದವಿದ್ದ ಕಡೆ ಸುಳ್ಳು ಪತ್ತೆ ಹೆಚ್ಚು. ನಾಯಿ ಯಜಮಾನನನ್ನು ಓದಿತೋ, ಯಜಮಾನನೇ ನಾಯಿಯನ್ನು ತಪ್ಪಾಗಿ ಓದಿದನೋ, ಎರಡಕ್ಕೂ ಜಾಗವಿದೆ. ನನ್ನ ಮಟ್ಟಿಗೆ ನಾಯಿಯ ಮೇಲೆ ಗೂಬೆ ಕೂರಿಸುವುದು ಅನ್ಯಾಯ.

ನಿಜವಾದ ಕೆಲಸದಲ್ಲಿ ಇನ್ನೊಂದು ಇಕ್ಕಟ್ಟು. ನಾಯಿ ಯಾವುದೋ ಸೂಟ್‌ಕೇಸಿನ ಮುಂದೆ ಕೂತಾಗ ಒಳಗೇನಿದೆಯೆಂದು ಹ್ಯಾಂಡ್ಲರ್‌ಗೆ ಗೊತ್ತಿರುವುದಿಲ್ಲ. ಚೆಂಡು ಕೊಟ್ಟ ಮೇಲೆ ಒಳಗಿದ್ದದ್ದು ಚೀಸ್ ಎಂದಾದರೆ ಪಾಠ ಕೆಟ್ಟಂತೆ. ಹಾಗಾಗಿ ಚೆಂಡು ಎಷ್ಟೋ ಸಲ ಜೇಬಿನಲ್ಲೇ ಉಳಿಯುತ್ತದೆ. ತರಬೇತಿಯಲ್ಲೇ ಒಮ್ಮೆ ಕೊಟ್ಟು ಒಮ್ಮೆ ಕೊಡದೆ ಪಳಗಿಸಿದ ನಾಯಿ ಇದನ್ನು ತಡೆದುಕೊಳ್ಳುತ್ತದೆ. ಯಾವಾಗ ಹೊಡೆಯುವುದೋ ತಿಳಿಯದ ಲಾಟರಿಯ ಸೆಳೆತ ಅದಕ್ಕೂ ಇದೆ.

ಆ ಸೆಳೆತಕ್ಕೂ ಮಿತಿಯುಂಟು. ಇಸ್ರೇಲಿನ ಸಂಶೋಧಕರು 2005ರಲ್ಲಿ ತೋರಿಸಿದಂತೆ, ಸ್ಫೋಟಕ ಎಂದೂ ಸಿಗದ ದಾರಿಯಲ್ಲಿ ದಿನವೂ ಹುಡುಕಿಸಿದರೆ ನಾಯಿಯ ಹುರುಪು ಇಳಿಯುತ್ತದೆ. ಆಮೇಲೆ ಅದೇ ದಾರಿಯಲ್ಲಿ ಆಗೊಮ್ಮೆ ಈಗೊಮ್ಮೆ ಸ್ಫೋಟಕ ಇಟ್ಟರೂ ಸುಲಭಕ್ಕೆ ಮರಳುವುದಿಲ್ಲ. ವಿಮಾನ ನಿಲ್ದಾಣದ ನಾಯಿ ನಿಜವಾದ ಬಾಂಬನ್ನು ಕಾಣದೆಯೇ ನಿವೃತ್ತಿಯಾಗಬಹುದು. ಆದ್ದರಿಂದ ದಿನದ ಕೆಲಸದ ನಡುವೆಯೇ ಮೂರನೆಯವರೊಬ್ಬರು ಮಾದರಿಯೊಂದನ್ನು ಬಚ್ಚಿಡುವುದು ಒಳ್ಳೆಯ ಪದ್ಧತಿ. ಎಲ್ಲಿಟ್ಟಿದ್ದಾರೆಂದು ಹ್ಯಾಂಡ್ಲರ್‌ಗೂ ಹೇಳಬಾರದು. ನಾಯಿ ಸರಿಯಾದ ಕಡೆ ಕೂತಾಗ 'ಹೌದು' ಎನ್ನಬೇಕಾದ್ದು ಬಚ್ಚಿಟ್ಟವರೇ.