ಪಾರ್ಕಿನ ಶೌಚಾಲಯ: ಯಾರಿಗಾಗಿ ಕಟ್ಟಿದ್ದು?

ಪಾರ್ಕಿಗೆ ಬಂದ ಅಜ್ಜಿ ಅರ್ಧ ಗಂಟೆಯಲ್ಲೇ ಮನೆಗೆ ಹೊರಡೋಣ ಎಂದರೆ ಅದು ಆಯಾಸದಿಂದಲೇ ಇರಬೇಕಿಲ್ಲ. ಹೊರಗೆ ಹೋಗುವ ದಿನ ಬೇಕೆಂದೇ ನೀರು ಕುಡಿಯದ ಹೆಂಗಸರೂ ಎಷ್ಟೋ ಮಂದಿ. ನೆರಳು, ಬೆಂಚು ಎಷ್ಟಿದ್ದರೇನು, ಪಾರ್ಕಿನಲ್ಲಿ ಯಾರು ಎಷ್ಟು ಹೊತ್ತು ಕೂರಬಹುದು ಎಂಬುದನ್ನು ತೀರ್ಮಾನಿಸುವುದು ಶೌಚಾಲಯ.

1851ರಲ್ಲಿ ಲಂಡನ್ನಿನ ಹೈಡ್ ಪಾರ್ಕ್‌ನಲ್ಲಿ ನಡೆದ ಮಹಾ ವಸ್ತುಪ್ರದರ್ಶನಕ್ಕೆ ನೈರ್ಮಲ್ಯ ಎಂಜಿನಿಯರ್ ಜಾರ್ಜ್ ಜೆನ್ನಿಂಗ್ಸ್ ಫ್ಲಶ್ ಶೌಚಾಲಯಗಳನ್ನು ಅಳವಡಿಸಿದರು. ತಲಾ ಒಂದು ಪೆನ್ನಿ ಕೊಟ್ಟು 8.27 ಲಕ್ಷಕ್ಕೂ ಹೆಚ್ಚು ಬಾರಿ ಜನ ಅವನ್ನು ಬಳಸಿದರು. ಆದರೂ ಮುಂದೆ ನಗರಗಳು ಕಟ್ಟಿದ್ದು ಹೆಚ್ಚಾಗಿ ಗಂಡಸರಿಗೆ. ಪ್ಯಾರಿಸ್ಸಿನ ಬೀದಿಗಳಲ್ಲಿ ಅದಕ್ಕೂ ಮೊದಲೇ ಎದ್ದಿದ್ದ ಮೂತ್ರಾಲಯಗಳೂ ಅವರಿಗೇ. 1900ರ ಹೊತ್ತಿಗೆ ಲಂಡನ್ನಿನ ಕ್ಯಾಮ್ಡೆನ್‌ನಲ್ಲಿ ಮಹಿಳೆಯರ ಶೌಚಾಲಯದ ಪ್ರಸ್ತಾಪ ಬಂದಾಗ ನೆರೆಹೊರೆಯವರು ಸಿಡಿದೆದ್ದರು. ಜಾಗ ಗುರುತಿಸಲು ನಿಲ್ಲಿಸಿದ್ದ ಮರದ ಮಾದರಿಗೆ ಗಾಡಿಯವರು ಬೇಕೆಂದೇ ಗುದ್ದಿದರು. ಆಗ ಸ್ಥಳೀಯ ಮಂಡಳಿಯಲ್ಲಿದ್ದ ನಾಟಕಕಾರ ಬರ್ನಾರ್ಡ್ ಶಾ ಮಹಿಳೆಯರ ಪರ ವಾದಿಸಿದರು.

ಅಂಗವಿಕಲರು ಲೆಕ್ಕಕ್ಕೆ ಬರಲು ಇನ್ನೂ ಬಹಳ ಕಾಲ ಹಿಡಿಯಿತು. ಅಮೆರಿಕದ 1990ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ನಂತರ ಅಳತೆಗಳಿಗೆ ಬಲ ಬಂತು: ಗಾಲಿಕುರ್ಚಿ ಪೂರ್ತಿ ಸುತ್ತು ತಿರುಗಲು ಸುಮಾರು ಒಂದೂವರೆ ಮೀಟರ್ ವ್ಯಾಸದ ಖಾಲಿ ಜಾಗ, ಕಮೋಡ್ ಪಕ್ಕದಲ್ಲಿ ಗಟ್ಟಿ ಹಿಡಿಕೆ. ಇಷ್ಟಿದ್ದರೂ ಕೆಲವರಿಗೆ ಸಾಲದು. ಬೆಳೆದ ಮಗನ ಡೈಪರ್ ಬದಲಿಸಬೇಕಾದ ತಾಯಿಯನ್ನು ನೆನೆದುಕೊಳ್ಳಿ. ಶಿಶುಗಳ ಹಲಗೆ ಅವನ ಭಾರ ತಡೆಯದು. ಒದ್ದೆ ನೆಲದ ಮೇಲೆ ಬಟ್ಟೆ ಹಾಸಿ ಅವನನ್ನು ಮಲಗಿಸಬೇಕು. ಬ್ರಿಟನ್ನಿನಲ್ಲಿ 2006ರಲ್ಲಿ ಶುರುವಾದ 'ಚೇಂಜಿಂಗ್ ಪ್ಲೇಸಸ್' ಆಂದೋಲನ ಕೇಳಿದ್ದು ವಯಸ್ಕರಿಗೆ ಸಾಕಾಗುವ ಬೆಂಚು ಮತ್ತು ಎತ್ತಿ ಮಲಗಿಸುವ ಯಂತ್ರ. ನನ್ನ ಪ್ರಕಾರ ಈ ಇಡೀ ಚರಿತ್ರೆಯಲ್ಲಿ ಇದಕ್ಕಿಂತ ನ್ಯಾಯವಾದ ಬೇಡಿಕೆ ಇನ್ನೊಂದಿಲ್ಲ.

ಭಯವನ್ನೂ ವಿನ್ಯಾಸ ಕಡಿಮೆ ಮಾಡಬಲ್ಲದು. ಟೋಕಿಯೊದ ಎರಡು ಪಾರ್ಕುಗಳಿಗೆ 2020ರಲ್ಲಿ ವಾಸ್ತುಶಿಲ್ಪಿ ಶಿಗೆರು ಬಾನ್ ಗಾಜಿನ ಶೌಚಾಲಯ ರೂಪಿಸಿದರು. ಒಳಗೆ ಸ್ವಚ್ಛವಿದೆಯೇ, ಯಾರಾದರೂ ಇದ್ದಾರೆಯೇ ಎಂದು ಹೊರಗಿನಿಂದಲೇ ಕಾಣುತ್ತದೆ. ಚಿಲಕ ಹಾಕಿದೊಡನೆ ಗಾಜು ಮಸುಕಾಗುತ್ತದೆ. ಅಮೆರಿಕದ 'ಪೋರ್ಟ್‌ಲ್ಯಾಂಡ್ ಲೂ' ಎಂಬ ಬೀದಿ ಶೌಚಾಲಯದಲ್ಲಿ ಕೈತೊಳೆಯುವ ನಲ್ಲಿ ಹೊರಗೋಡೆಯ ಮೇಲಿದೆ. ಒಳಗೆ ಅನಗತ್ಯವಾಗಿ ಹೊತ್ತು ಕಳೆಯುವವರು ಕಡಿಮೆಯಾಗಲಿ ಎಂಬ ಉದ್ದೇಶ.

ಆದರೆ ಕಟ್ಟಿದ ಮೇಲೆ ನೋಡಿಕೊಳ್ಳುವವರು ಬೇಕು. ಅಂಗವಿಕಲರ ಕೋಣೆಗೆ ಬೀಗ ಜಡಿದಿರುವುದು ಎಲ್ಲೆಡೆ ಕಾಣುವ ನೋಟ. ಗಾಲಿಕುರ್ಚಿ ತಿರುಗಬೇಕಾದ ಆ ಒಂದೂವರೆ ಮೀಟರ್‌ನಲ್ಲಿ ಪೊರಕೆ, ಬಕೆಟ್ ಪೇರಿಸಿಟ್ಟಿರುತ್ತಾರೆ. ಕೀಲಿಕೈ ಯಾರ ಬಳಿ ಇದೆ ಎಂದು ಗಾಲಿಕುರ್ಚಿಯಲ್ಲಿ ಬಂದವರೇ ಹುಡುಕಿಕೊಂಡು ಅಲೆಯಬೇಕು.