ಸಂಡೂರಿನ ಗುಡ್ಡ, ಹೊರಗಿನವರ ಲೆಕ್ಕ

ಬಳ್ಳಾರಿ ಜಿಲ್ಲೆ ಅಂದ್ರೆ ಬಿಸಿಲು, ಬಂಡೆ, ಜಾಲಿ ಅಂತಲೇ ಎಲ್ಲರೂ ತಿಳಿದಿರುತ್ತಾರೆ. ಸಂಡೂರು ಅದಕ್ಕೆ ಸ್ವಲ್ಪ ಹೊರತು. ಎರಡು ಸಾಲು ಗುಡ್ಡ, ನಡುವೆ ಕಣಿವೆ, ಕಣಿವೆಯಲ್ಲಿ ಊರು. ನಾರಿಹಳ್ಳ ಗುಡ್ಡ ಸೀಳಿದ ಕಡೆ ಓಬಳಗಂಡಿ, ಭೀಮಗಂಡಿ ಅನ್ನೋ ಇಕ್ಕಟ್ಟಾದ ದಾರಿಗಳಿವೆ. ಮಳೆ ಬಿದ್ದರೆ ಇಡೀ ಗುಡ್ಡಕ್ಕೆ ಹಸಿರು ಹತ್ತುತ್ತದೆ. "ಸೆಪ್ಟೆಂಬರ್‌ನಲ್ಲಿ ಸಂಡೂರು ನೋಡಿ" ಅಂತ ಗಾಂಧೀಜಿ ಹೇಳಿದ್ದರು ಅನ್ನೋ ಮಾತು ಇಲ್ಲಿ ಎಲ್ಲರ ಬಾಯಲ್ಲೂ ಇದೆ.

ಆದರೆ ಸಂಡೂರು ಸುದ್ದಿಗೆ ಬರುವುದು ಹಸಿರಿಗಲ್ಲ, ಅದಿರಿಗೆ. ಗಣಿ ಗಲಾಟೆ ಅಂದ ಕೂಡಲೇ ನಮಗೆ 2000ದ ನಂತರದ ಟಿಪ್ಪರ್ ಸಾಲುಗಳೇ ನೆನಪಾಗುತ್ತವೆ. ಅದು ಕೊನೆಯ ಅಧ್ಯಾಯ ಅಷ್ಟೇ. ಈ ಗುಡ್ಡ ಯಾರಿಗೆ ಸೇರಬೇಕು ಅನ್ನೋದನ್ನ ಎಲ್ಲೋ ದೂರದಲ್ಲಿ ಕೂತವರು ತೀರ್ಮಾನಿಸುವುದು ಇನ್ನೂರು ವರ್ಷದಿಂದ ನಡೆದುಬಂದಿದೆ.

ಶುರುವಿಗೆ ಇಲ್ಲಿದ್ದವರು ಬೇಡ ಪಾಳೆಯಗಾರರು. 18ನೇ ಶತಮಾನದ ಮೊದಲ ಭಾಗದಲ್ಲಿ ಮರಾಠಾ ಸರದಾರ ಸಿದ್ದೋಜಿ ರಾವ್ ಘೋರ್ಪಡೆ ಈ ಪಾಳೆಯಗಾರರ ಕೈಯಿಂದ ಸಂಡೂರನ್ನು ಕಿತ್ತುಕೊಂಡರು. ಗುತ್ತಿಯನ್ನು ಆಳಿದ ಮುರಾರಿ ರಾವ್ ಇವರ ಮಗನೇ. ಆಮೇಲೆ ಹೈದರ್ ಅಲಿ ಬಂದ, ಟಿಪ್ಪು ಬಂದ, ಊರಿನ ಪಕ್ಕದ ಕೃಷ್ಣಾನಗರದ ಕೋಟೆ ಆ ಕಾಲದ್ದು. ಟಿಪ್ಪುವಿನ ಕಾಲ ಮುಗಿಯುತ್ತಾ ಬಂದಂತೆ ಘೋರ್ಪಡೆಗಳು ಮತ್ತೆ ಬಂದರು.

ಮುಂದಿನ ಕಥೆ ನನಗೆ ಬಹಳ ಇಷ್ಟ. ಪುಣೆಯ ಪೇಶ್ವೆ ಎರಡನೇ ಬಾಜಿರಾಯನಿಗೆ ಸಂಡೂರಿನ ಮೇಲೆ ಕಣ್ಣು. ಇಲ್ಲಿನ ಗುಡ್ಡದ ಮೇಲಿನ ಕುಮಾರಸ್ವಾಮಿ ದೇವರ ದರ್ಶನ ಅಂತ ನೆಪ ಹೇಳಿಕೊಂಡು ದಂಡು ಕಟ್ಟಿಕೊಂಡೇ ಬಂದ. ಆಗ ಆಳುತ್ತಿದ್ದ ಶಿವರಾವ್ ಸುಮ್ನೆ ಕೂರಲಿಲ್ಲ. ಕಣಿವೆಯ ದಾರಿಗಳನ್ನ ಮುಚ್ಚಿಸಿದ. ದೇವರ ದರ್ಶನ ತಾನೇ, ನಾಲ್ಕು ಜನ ಇಟ್ಟುಕೊಂಡು ಹೋಗಿ ಬನ್ನಿ ಅಂದ. ಪೇಶ್ವೆ ಕೈ ಮುಗಿದು ಬರಿಗೈಯಲ್ಲಿ ವಾಪಸಾದ. ಆದರೆ ಬ್ರಿಟಿಷರಿಗೂ ಪೇಶ್ವೆಗೂ ಒಪ್ಪಂದ ಇತ್ತಲ್ಲ, ಅದರ ಪ್ರಕಾರ 1817ರಲ್ಲಿ ಬ್ರಿಟಿಷ್ ಅಧಿಕಾರಿ ಥಾಮಸ್ ಮನ್ರೋ ಪಡೆ ತಂದು ಸಂಡೂರನ್ನು ವಶಕ್ಕೆ ತೆಗೆದುಕೊಂಡ. ಶಿವರಾವ್ ಜಗಳವಾಡದೆ ಬಿಟ್ಟುಕೊಟ್ಟ. ಸ್ವಲ್ಪ ದಿನಕ್ಕೇ ಪೇಶ್ವೆಯ ಆಳ್ವಿಕೆಯೇ ಮುಳುಗಿತು. 1818ರಲ್ಲಿ ಊರು ಶಿವರಾವ್ ಕೈಗೆ ವಾಪಸ್ ಬಂತು, 1826ರಲ್ಲಿ ಸನದು, ಅಂದರೆ ಆಳುವ ಹಕ್ಕಿನ ಪತ್ರ ಸಿಕ್ಕಿತು. ಪುಣೆಯಲ್ಲಿ ಎದ್ದ ಗಾಳಿಗೆ ಸಂಡೂರು ಹೋಯಿತು, ಪುಣೆಯಲ್ಲೇ ಗಾಳಿ ತಿರುಗಿದ್ದಕ್ಕೆ ಬಂತು.

ಹೀಗೆ ಉಳಿದ ಸಂಸ್ಥಾನ ತೀರಾ ಚಿಕ್ಕದು. ಸುಮಾರು 160 ಚದರ ಮೈಲಿ. 1901ರಲ್ಲಿ ಜನಸಂಖ್ಯೆ 11 ಸಾವಿರದ ಆಸುಪಾಸು. ಸುತ್ತ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆ, ಮೇಲ್ವಿಚಾರಣೆಗೆ ಬಳ್ಳಾರಿ ಕಲೆಕ್ಟರ್. ರಾಮನಮಲೆಯ ಮೇಲಿನ ತಂಪು ಗಾಳಿ ಬ್ರಿಟಿಷರಿಗೆ ಹಿಡಿಸಿತು, ಸೈನಿಕರ ಆರೈಕೆಗೆ ಅಲ್ಲಿ ಬಂಗಲೆಗಳನ್ನ ಕಟ್ಟಿಕೊಂಡರು. ಅದೇ ರಾಮಘಡ. ಗುಡ್ಡದ ಮೊದಲ ಹೊರಗಿನ ಗಿರಾಕಿ ಇವರೇ ಅನ್ನಬಹುದು, ಪುಣ್ಯಕ್ಕೆ ತೆಗೆದುಕೊಂಡಿದ್ದು ಬರೀ ಗಾಳಿ!

ಅದಿರಿನ ಸರದಿ ಆಮೇಲೆ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 19ನೇ ಶತಮಾನದ ಕೊನೆಯಲ್ಲಿ ಈ ಗುಡ್ಡಗಳನ್ನು ಓಡಾಡಿ ನೋಡಿದ. ಮ್ಯಾಂಗನೀಸ್ ಇದೆ, ಕಬ್ಬಿಣದ ಅದಿರಂತೂ ಲೆಕ್ಕವಿಲ್ಲದಷ್ಟಿದೆ ಅಂತ ಹೊರಗಿನ ಜಗತ್ತಿಗೆ ಗೊತ್ತಾಯಿತು. 20ನೇ ಶತಮಾನದ ಆರಂಭದಲ್ಲಿ ಜನರಲ್ ಸಂಡೂರ್ ಮೈನಿಂಗ್ ಕಂಪನಿ ಗುತ್ತಿಗೆ ಹಿಡಿಯಿತು. ಗುಂಡಾ ರೋಡ್‌ನಿಂದ ಸ್ವಾಮಿಹಳ್ಳಿಗೆ ರೈಲು ಹಳಿ ಬಂತು. ಹಳಿ ಬಂದದ್ದು ಜನ ಓಡಾಡಲಿ ಅಂತಲ್ಲ, ಅದಿರು ಹೋಗಲಿ ಅಂತ.

ರಾಜ ಯಶವಂತರಾವ್ ಘೋರ್ಪಡೆಯವರ ಕಾಲದಲ್ಲಿ ಸಂಡೂರಿಗೆ ಬೇರೆ ಹೆಸರು ಬಂತು. 1932ರಲ್ಲಿ ಇಲ್ಲಿನ ಗುಡಿಗಳನ್ನು ದಲಿತರಿಗೆ ತೆರೆದರು. ತಿರುವಾಂಕೂರಿನ ಪ್ರಸಿದ್ಧ ಗುಡಿ ಪ್ರವೇಶದ ಘೋಷಣೆ 1936ರದ್ದು, ಅಂದರೆ ಈ ಸಣ್ಣ ಸಂಸ್ಥಾನ ನಾಲ್ಕು ವರ್ಷ ಮುಂದೆಯೇ ಇತ್ತು. ಗಾಂಧೀಜಿ 1934ರಲ್ಲಿ ಇಲ್ಲಿಗೆ ಬಂದಿದ್ದರು. ಕುಮಾರಸ್ವಾಮಿ ಗುಡಿಯೊಳಗೆ ಹೆಂಗಸರು ಹೋಗಬಾರದು ಅನ್ನೋ ಕಟ್ಟುಪಾಡು ಮಾತ್ರ ಹಾಗೇ ಉಳಿಯಿತು, ಅದನ್ನೂ ಹೇಳದೆ ಬಿಡಬಾರದು.

1949ರಲ್ಲಿ ಸಂಸ್ಥಾನ ಮದ್ರಾಸ್ ರಾಜ್ಯದಲ್ಲಿ ವಿಲೀನವಾಯಿತು. 1953ರಲ್ಲಿ ಬಳ್ಳಾರಿ ಜೊತೆ ಮೈಸೂರು ರಾಜ್ಯಕ್ಕೆ ಬಂತು. ಸಿಂಹಾಸನ ಹೋದರೂ ಮನೆತನದ ಪ್ರಭಾವ ಹೋಗಲಿಲ್ಲ. 1954ರಲ್ಲಿ ಅವರದೇ ಗಣಿ ಕಂಪನಿ ಸಂಡೂರ್ ಮ್ಯಾಂಗನೀಸ್ ಅಂಡ್ ಐರನ್ ಓರ್ಸ್ ಶುರುವಾಯಿತು, ಜನ ಈಗಲೂ ಅದನ್ನ ಚಿಕ್ಕದಾಗಿ ಸ್ಮಯೋರ್ ಅಂತಾರೆ. ಅದೇ ಮನೆತನದ ಎಂ.ವೈ. ಘೋರ್ಪಡೆ ಶಾಸಕರಾದರು, ದೇವರಾಜ ಅರಸು ಸರ್ಕಾರದಲ್ಲಿ ಹಣಕಾಸು ಮಂತ್ರಿಯಾದರು. ಇತ್ತ 1973ರಲ್ಲಿ ಉಳುವವನಿಗೆ ಭೂಮಿ ಸಿಗಲಿ ಅಂತ ಸಮಾಜವಾದಿಗಳು ಸಂಡೂರಿನಲ್ಲಿ ದೊಡ್ಡ ಹೋರಾಟ ಮಾಡಿದರು. ಅರಸು ಭೂಸುಧಾರಣೆಯ ಮಾತಾಡುತ್ತಿದ್ದ ಕಾಲದಲ್ಲೇ, ಅವರ ಹಣಕಾಸು ಮಂತ್ರಿಯ ಊರಲ್ಲೇ ಈ ಕೂಗು ಎದ್ದಿತು. ಗಣಿಯ ಕಥೆ ಹೇಳುವವರು ಇದನ್ನ ಬಿಟ್ಟೇಬಿಡುತ್ತಾರೆ. ಗುಡ್ಡದ ಮೇಲಿನದು ಯಾರದು ಅನ್ನೋ ಪ್ರಶ್ನೆಗೂ ಕೆಳಗಿನ ಹೊಲ ಯಾರದು ಅನ್ನೋ ಪ್ರಶ್ನೆಗೂ ನಂಟಿದೆ, ಅಲ್ವಾ?

1977ರಲ್ಲಿ ದೋಣಿಮಲೆಯಲ್ಲಿ ಕೇಂದ್ರ ಸರ್ಕಾರದ ಕಂಪನಿ ಎನ್‌ಎಂಡಿಸಿಯ ಗಣಿ ಶುರುವಾಯಿತು. ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆಗೆ ಇಂದಿರಾ ಗಾಂಧಿ 1971ರಲ್ಲೇ ಅಡಿಗಲ್ಲು ಹಾಕಿದ್ದರು. ಅದು ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಕಲ್ಲಾಗಿಯೇ ಇತ್ತು. 90ರ ದಶಕದಲ್ಲಿ ಜಿಂದಾಲ್ ಬಂದ ಮೇಲೆ ಕಾರ್ಖಾನೆ ಆಯಿತು.

ಇಷ್ಟಾಗುವಾಗ ಚೀನಾದಲ್ಲಿ ಉಕ್ಕಿಗೆ ಬೇಡಿಕೆ ಏರಿತು. 2003ರ ನಂತರ ಅದಿರಿನ ರೇಟು ಗಗನಕ್ಕೆ ಹೋಯಿತು. ಗಣಿ ಗುತ್ತಿಗೆ ಇದ್ದವರಷ್ಟೇ ಅಲ್ಲ, ಇಲ್ಲದವರೂ ಪಟ್ಟಾ ಜಮೀನಿನ ಮೇಲ್ಮಣ್ಣಲ್ಲಿದ್ದ ಅದಿರನ್ನೂ ಕೆರೆದು ಮಾರಿದರು. ಜೋಳ, ಮೆಕ್ಕೆಜೋಳದ ಮೇಲೆ ಕೆಂಧೂಳು ಕೂತಿತು. ಹಳ್ಳಕ್ಕೆ ಹೂಳು ಇಳಿಯಿತು. ಪರ್ಮಿಟ್ ಇರಲಿ ಬಿಡಲಿ, ಗಡಿಗಲ್ಲು ಇರಲಿ ಬಿಡಲಿ, ಲಾರಿಗಳು ಬೇಲೆಕೇರಿ ಬಂದರಿನ ಕಡೆ ಓಡುತ್ತಲೇ ಇದ್ದವು. ಕೆಲವರು ಲಾರಿ ಕೊಂಡು ಉದ್ಧಾರವಾದರು, ಎಷ್ಟೋ ಜನ ಸಾಲದಲ್ಲಿ ಲಾರಿ ಕೊಂಡು ಆಮೇಲೆ ಕಂತು ಕಟ್ಟಲಾಗದೆ ಒದ್ದಾಡಿದರು.

ಸಮಾಜ ಪರಿವರ್ತನ ಸಮುದಾಯ ಅನ್ನೋ ಸಂಘಟನೆ ಅಕ್ರಮ ಗಣಿಗಾರಿಕೆ ವಿರುದ್ಧ 2009ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಲೋಕಾಯುಕ್ತ ಸಂತೋಷ್ ಹೆಗ್ಡೆಯವರ 2011ರ ವರದಿ ಸರ್ಕಾರಕ್ಕೆ 16,085 ಕೋಟಿ ರೂಪಾಯಿ ನಷ್ಟ ಆಗಿದೆ ಅಂದಿತು. ಅದೇ ವರ್ಷ ಜುಲೈ 29ರಂದು ಬಳ್ಳಾರಿಯ ಗಣಿಗಾರಿಕೆಯನ್ನೇ ಕೋರ್ಟ್ ನಿಲ್ಲಿಸಿತು. ಊರು ಒಮ್ಮೆಲೇ ಸ್ತಬ್ಧ. ಗಾಳಿ ತಿಳಿಯಾಯಿತು, ಕೂಲಿ ನಿಂತಿತು. ಎರಡೂ ನಿಜ.

ಆಮೇಲೆ ಅಕ್ರಮ ಎಷ್ಟು ಅಂತ ನೋಡಿ ಗಣಿಗಳನ್ನು ಎ, ಬಿ, ಸಿ ಅಂತ ವಿಂಗಡಿಸಿದರು, ಸಿ ಅಂದರೆ ಅತಿ ಹೆಚ್ಚು. 2013ರಲ್ಲಿ ಸಿ ವರ್ಗದ 51 ಗುತ್ತಿಗೆ ರದ್ದಾದವು. ಬಳ್ಳಾರಿಯಲ್ಲಿ ಅದಿರು ತೆಗೆಯಲು ವರ್ಷಕ್ಕೆ 2.5 ಕೋಟಿ ಟನ್ ಮಿತಿ ಬಂತು. 2017ರಲ್ಲಿ ಅದು 2.8 ಕೋಟಿ, 2022ರಲ್ಲಿ 3.5 ಕೋಟಿ ಟನ್. ಮಿತಿ ಅನ್ನೋದು ಏರುತ್ತಲೇ ಇರುವುದಾದರೆ ಅದನ್ನ ಮಿತಿ ಅನ್ನಬೇಕಾ ಅಂತ ನನಗೆ ಅನುಮಾನ. ಹಾಳಾದ ಪರಿಸರ, ಊರು ಸರಿಪಡಿಸಲು ಅಂತ ಕೋರ್ಟಿನ ನಿಗಾದಲ್ಲಿ ಸಾವಿರಾರು ಕೋಟಿ ಹಣ ಕೂಡಿದೆ. ಅದಕ್ಕೆ 2014ರಲ್ಲಿ ಒಂದು ನಿಗಮ ಮಾಡಿದರು, ಖರ್ಚಿನ ಉಸ್ತುವಾರಿಗೆ 2022ರಲ್ಲಿ ನಿವೃತ್ತ ನ್ಯಾಯಮೂರ್ತಿ ಸುದರ್ಶನ ರೆಡ್ಡಿಯವರನ್ನ ನೇಮಿಸಿದರು. ಎಂಟು ವರ್ಷ ಹಣ ಸುಮ್ನೆ ಬಿದ್ದಿತ್ತು ಅನ್ನೋದೇ ಹೊಟ್ಟೆ ಉರಿಸುವ ವಿಷಯ.

ಈಗಿನ ಜಗಳ ದೇವದಾರಿ ಗುಡ್ಡದ್ದು. ಸ್ವಾಮಿಮಲೆ ಕಾಡಿನಲ್ಲಿ, ಹಿಂದೆ ಕುದುರೆಮುಖದಲ್ಲಿ ಗಣಿ ನಡೆಸಿದ ಕೇಂದ್ರದ ಕಂಪನಿ ಕೆಐಒಸಿಎಲ್ ಗಣಿ ತೆಗೆದರೆ ಸುಮಾರು 99 ಸಾವಿರ ಮರ ಹೋಗುತ್ತವೆ. 2024ರ ಜೂನ್‌ನಲ್ಲಿ ಕೇಂದ್ರದ ಉಕ್ಕು ಮಂತ್ರಿ ಎಚ್.ಡಿ. ಕುಮಾರಸ್ವಾಮಿ ಇದರ ಕಡತಕ್ಕೆ ಸಹಿ ಹಾಕಿದರು. ಆ ತಿಂಗಳೇ ರಾಜ್ಯದ ಅರಣ್ಯ ಮಂತ್ರಿ ಈಶ್ವರ ಖಂಡ್ರೆ, ಕುದುರೆಮುಖದ ಹಳೆ ಬಾಕಿ ತೀರಿಸುವವರೆಗೂ ಕಾಡಿನ ಜಮೀನು ಕೊಡಬೇಡಿ ಅಂತ ಅಧಿಕಾರಿಗಳಿಗೆ ಹೇಳಿದರು. ಮರ ಉಳಿದರೆ ಉಳಿಯಲಿ. ಆದರೆ ತಡೆಗೆ ಕೊಟ್ಟ ಕಾರಣ ನೋಡಿ, ಅದು ಸಂಡೂರಿನದ್ದಲ್ಲ, ಕುದುರೆಮುಖದ್ದು.